ಮೂರು ತಿಂಗಳಾಯ್ತು, ಫ್ರೆಂಚ್ ತಲೆಗೆ ಹತ್ತುತ್ತಿಲ್ಲ. ಹೇಗೆ ಓದಲಿ?

ತುಂಗಾತೀರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಮನೆ ತೀರ್ಥಹಳ್ಳಿ ಹತ್ತಿರ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮುಂದೆ ಫ್ರಾನ್ಸಿನಲ್ಲಿ ಎಂ.ಎಸ್ಸಿ. ಮಾಡಬೇಕು ಅಂತ ಆಸೆ. ಅದಕ್ಕೇ ಮೂರು ತಿಂಗಳಿಂದ ಸಂಜೆ ಆನ್‌ಲೈನ್ ಕ್ಲಾಸಿಗೆ ಸೇರಿದ್ದೇನೆ. ಬೆಂಗಳೂರಿಗೆ ಹೋಗಿ ಡೆಲ್ಫ್ ಎ1, ಅಂದರೆ ಫ್ರೆಂಚ್ ಭಾಷೆಯ ಆರಂಭದ ಹಂತದ ಪರೀಕ್ಷೆ ಬರೆಯಬೇಕು.

ಹತ್ತನೇ ಕ್ಲಾಸಿನ ತನಕ ನಾನು ಓದಿದ್ದು ಕನ್ನಡ ಮಾಧ್ಯಮ. ಈ ಕ್ಲಾಸು ಪೂರ್ತಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಜೊತೆಯಲ್ಲಿರುವವರಲ್ಲಿ ಅರ್ಧ ಜನ ಶಾಲೆಯಲ್ಲೇ ಫ್ರೆಂಚ್ ಓದಿ ಬಂದವರು. ಅವರು ಪಟಪಟ ಉತ್ತರ ಹೇಳುತ್ತಾರೆ. ನಾನು ಮೈಕ್ ಆಫ್ ಮಾಡಿ ಕೂತಿರುತ್ತೇನೆ.

ಬರೆಯುವುದು ಒಂದು, ಓದುವುದು ಇನ್ನೊಂದು. ಯಾವ ಅಕ್ಷರ ಹೇಳಬೇಕು, ಯಾವುದನ್ನು ಬಿಡಬೇಕು ತಿಳಿಯುವುದಿಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು ಅಂತಾರೆ, ಯಾಕೆ ಅಂತ ಗೊತ್ತಿಲ್ಲ. ಕ್ರಿಯಾಪದದ ಕೋಷ್ಟಕ ಹತ್ತತ್ತು ಸಲ ಬರೆದಿದ್ದೇನೆ, ಬೆಳಿಗ್ಗೆ ಎದ್ದರೆ ಒಂದೂ ನೆನಪಿಲ್ಲ. ಪುಸ್ತಕದ ಪ್ರತಿ ಪದದ ಮೇಲೂ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡಿದ್ದೇನೆ.

ಹೋದ ವಾರ ಮಾದರಿ ಪರೀಕ್ಷೆ ಆಯಿತು. 100ಕ್ಕೆ 38 ಬಂತು. ಕೇಳಿ ಉತ್ತರಿಸುವ ಭಾಗದಲ್ಲಿ 25ಕ್ಕೆ 4. ನಿಜವಾಗಿ ಕುಗ್ಗಿ ಹೋಗಿದ್ದೇನೆ. ಯಾರಾದರೂ ದಾರಿ ಹೇಳಿ.

ಕೊಪ್ಪದ ಹೋಟೆಲ್ ಹುಡುಗ:

ಅಕ್ಕ, ನಂದೂ ಇದೇ ಕಥೆ. ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ಅಡುಗೆಮನೆಯ ಪದ ಎಲ್ಲಾ ಬರುತ್ತದೆ. ಸೊತೆ, ಜೂಲಿಯೆನ್, ಮೀಜ಼್ ಆಂ ಪ್ಲಾಸ್ ಎಲ್ಲ ಬಾಯಿಪಾಠ. ಆದರೆ ಒಂದು ಪೂರ್ತಿ ವಾಕ್ಯ ಹೇಳು ಅಂದರೆ ಗಂಟಲು ಕಟ್ಟುತ್ತದೆ. ಉತ್ತರ ಬಂದರೆ ನನಗೂ ಬೇಕು.

ಸಾಗರದ ಮೇಡಂ:

ತಂಗಿ, ನಿನ್ನ ಬರಹ ಎರಡು ಸಲ ಓದಿದೆ. ನಾನು ತುಂಬಾ ವರ್ಷ ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸಿ ಈಗ ಸಾಗರಕ್ಕೆ ಬಂದು ನೆಲೆಸಿದ್ದೇನೆ. ನಿನ್ನಂಥ ಮಕ್ಕಳನ್ನು ಬಹಳ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ಆ 4ರ ವಿಷಯ. ಡೆಲ್ಫ್ ಎ1ರಲ್ಲಿ ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ಒಂದೊಂದಕ್ಕೆ 25. ಪಾಸಾಗಲು 100ಕ್ಕೆ 50 ಬೇಕು, ಜೊತೆಗೆ ಪ್ರತಿ ಭಾಗದಲ್ಲೂ ಕನಿಷ್ಠ 5 ಬರಲೇಬೇಕು. ಅಂದರೆ ಉಳಿದ ಮೂರರಲ್ಲಿ ಎಷ್ಟೇ ಬರಲಿ, ಕೇಳುವುದರಲ್ಲಿ 4 ಬಂದರೆ ಮುಗಿಯಿತು. ಹಾಗಾಗಿ ನಿನ್ನ ಸಮಯದ ಅರ್ಧ ಕಿವಿಗೆ ಕೊಡು. ಬರೆದು ಬರೆದು ಕಲಿಯುವುದನ್ನು ಸದ್ಯಕ್ಕೆ ಕಡಿಮೆ ಮಾಡು.

ಈಗ ಮುಖ್ಯ ಮಾತು. ನೀನು ಹೇಳಿದ ತೊಂದರೆಗಳಿಗಿಂತ ದೊಡ್ಡದು ಒಂದಿದೆ. ನೀನು ಫ್ರೆಂಚನ್ನು ಇಂಗ್ಲಿಷಿಗೆ ತಂದು, ಆಮೇಲೆ ಇಂಗ್ಲಿಷನ್ನು ಕನ್ನಡಕ್ಕೆ ತಂದುಕೊಳ್ಳುತ್ತಿದ್ದೀಯ. ಒಂದು ಹೊಳೆ ದಾಟುವ ಕಡೆ ಎರಡು ಹೊಳೆ ದಾಟಿದ ಹಾಗೆ ಇದು. ಮಧ್ಯದ ಇಂಗ್ಲಿಷನ್ನು ಬಿಡು. ಎಷ್ಟೋ ಕಡೆ ಕನ್ನಡದಿಂದ ಫ್ರೆಂಚಿಗೆ ನೇರ ದಾರಿ ಇದೆ.

'ನನಗೆ ಹಸಿವು' ಅನ್ನುವುದನ್ನೇ ತಗೋ. ಇಂಗ್ಲಿಷಿನವರು 'ಐ ಆ್ಯಮ್ ಹಂಗ್ರಿ' ಅಂತಾರೆ, ನಾನೇ ಹಸಿದವಳು ಅನ್ನುವ ಹಾಗೆ. ಫ್ರೆಂಚಿನಲ್ಲಿ 'ಜೆ ಫೆಂ'. ಅಂದರೆ ನನ್ನ ಹತ್ತಿರ ಹಸಿವು ಇದೆ. ಹಸಿವು ಅಲ್ಲಿ ನಮ್ಮಲ್ಲಿದ್ದ ಹಾಗೆ ಒಂದು ನಾಮಪದ. ಬಾಯಾರಿಕೆ, ಚಳಿ, ಸೆಕೆ, ಹೆದರಿಕೆ, ನಿದ್ದೆ, ಎಲ್ಲವೂ ಹೀಗೆಯೇ 'ಆವ್ವಾರ್' (ಹೊಂದಿರುವುದು) ಕ್ರಿಯಾಪದದ ಜೊತೆ ಬರುತ್ತವೆ. ವಯಸ್ಸೂ ಅಷ್ಟೇ. 'ಜೆ ವೆಂತ್ಯೆನಾಂ' ಅಂದರೆ 'ನನಗೆ ಇಪ್ಪತ್ತೊಂದು ವರ್ಷ'. ಇಂಗ್ಲಿಷ್ ದಾರಿಯಲ್ಲಿ ಬಂದವರು ಇಲ್ಲಿ 'ಜ ಸ್ವಿ' (ಐ ಆ್ಯಮ್) ಹಾಕಿ ತಪ್ಪು ಮಾಡುತ್ತಾರೆ. ನೀನು ಕನ್ನಡ ನೆನೆದರೆ ತಪ್ಪು ಮಾಡುವುದೇ ಇಲ್ಲ.

'ತ್ಯು' ಮತ್ತು 'ವು'. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಗಂಟೆ ಬೇಕು. ನಮಗೆ ಎರಡೇ ಮಾತು: ನೀನು, ನೀವು. ತಮ್ಮನಿಗೆ 'ತ್ಯು', ಅಂಗಡಿಯವರಿಗೆ 'ವು'. ಹತ್ತು ಜನ ತಮ್ಮಂದಿರಿದ್ದರೂ 'ವು'. ಕನ್ನಡದಲ್ಲೂ ಹಾಗೇ ಅಲ್ವಾ?

ಕ್ರಿಯಾಪದದ ಕೋಷ್ಟಕ ನೋಡಿ ಹೆದರಬೇಡ. ಬರುತ್ತೇನೆ, ಬರುತ್ತೀಯ, ಬರುತ್ತಾಳೆ, ಬರುತ್ತೀರಿ ಅಂತ ನಾಲ್ಕು ವರ್ಷಕ್ಕೇ ಹೇಳಿದವಳು ನೀನು. ವ್ಯಕ್ತಿ ಬದಲಾದರೆ ಕೊನೆ ಬದಲಾಗುತ್ತದೆ ಅನ್ನುವುದು ನಿನಗೆ ಹೊಸದಲ್ಲ. ಇನ್ನೊಂದು ಸಮಾಧಾನ ಕೇಳು. 'ಪಾರ್ಲೆ', ಅಂದರೆ ಮಾತಾಡುವುದು, ಅದರ ಆರು ರೂಪ ಬರೆದರೆ ಐದು ಬಗೆಯ ಬರಹ. ಬಾಯಲ್ಲಿ ಹೇಳಿದರೆ ಮೂರೇ. ಜ (ನಾನು) ಪಾರ್ಲ್, ತ್ಯು ಪಾರ್ಲ್, ಇಲ್ (ಅವನು) ಪಾರ್ಲ್, ಬಹುವಚನದ ಇಲ್ (ಅವರು) ಪಾರ್ಲ್. ಈ ನಾಲ್ಕೂ ಒಂದೇ ಥರ ಕೇಳುತ್ತವೆ. ಉಳಿದದ್ದು ನು (ನಾವು) ಪಾರ್ಲೊಂ, ವು ಪಾರ್ಲೆ. ದಿನದ ಮಾತಿನಲ್ಲಿ ಫ್ರೆಂಚರು 'ನು' ಬದಲು 'ಒಂ' ಬಳಸುವುದೇ ಜಾಸ್ತಿ, ಅದಕ್ಕೂ 'ಪಾರ್ಲ್' ಸಾಕು. ನೀನು ಬರೆದು ಕಲಿತದ್ದಕ್ಕೇ ಇದು ಬೆಟ್ಟದಷ್ಟು ಕಂಡಿತು. ಜೋರಾಗಿ ಹೇಳಿ ಕಲಿತಿದ್ದರೆ ಒಂದು ಸಂಜೆಯ ಕೆಲಸ. ಫ್ರೆಂಚಿನ ಬಹುಪಾಲು ಕ್ರಿಯಾಪದಗಳು ಇದೇ ದಾರಿಯಲ್ಲಿ ನಡೆಯುತ್ತವೆ.

ದಾರಿ ತಪ್ಪುವವುಗಳಲ್ಲಿ ಮೊದಲು ಬೇಕಾದವು ನಾಲ್ಕು: ಎತ್ರ್ (ಇರುವುದು), ಆವ್ವಾರ್ (ಹೊಂದಿರುವುದು), ಆಲೆ (ಹೋಗುವುದು), ಫೆರ್ (ಮಾಡುವುದು). ಇವನ್ನು ಮಾತ್ರ ಮಗ್ಗಿಯ ಹಾಗೆ ಗಟ್ಟಿ ಮಾಡು. 'ಆಲೆ' ಬಂದರೆ ಭವಿಷ್ಯವೂ ಬಂದ ಹಾಗೆ. 'ಜ ವೆ ಮಾಂಜೆ' ಅಂದರೆ ಊಟ ಮಾಡಲಿದ್ದೇನೆ. ಎ1 ಹಂತಕ್ಕೆ ಇಷ್ಟು ಧಾರಾಳ ಸಾಕು.

ಇನ್ನು ಸಂಧಿ. ಹೈಸ್ಕೂಲಿನಲ್ಲಿ ಊರು + ಅಲ್ಲಿ = ಊರಲ್ಲಿ ಅಂತ ಲೋಪ ಸಂಧಿ ಓದಿದ್ದೀಯ. ಫ್ರೆಂಚಿನಲ್ಲಿ 'ಲ' (ಇಂಗ್ಲಿಷಿನ 'ದಿ') ಮುಂದೆ 'ಆಮಿ' (ಗೆಳೆಯ) ಬಂದರೆ 'ಲಾಮಿ'. ಅದೇ ಲೋಪ. ಬಹುವಚನದ 'ಲೆ' ಮುಂದೆ 'ಆಮಿ' ಬಂದರೆ 'ಲೆಜ಼ಾಮಿ'. ಇದು ನಮ್ಮ ಆಗಮ ಸಂಧಿಯ ಹಾಗೆ ಕೇಳುತ್ತದೆ, ಆದರೆ ಅಕ್ಷರ ಹೊರಗಿನಿಂದ ಬಂದದ್ದಲ್ಲ. ಬರಹದಲ್ಲಿ ಸುಮ್ನೆ ಮಲಗಿದ್ದ ಎಸ್, ಮುಂದೆ ಸ್ವರ ಬಂದಾಗ ಎದ್ದು 'ಜ಼' ಆಗುತ್ತದೆ. ಇದು ಕಿವಿಗೆ ಬೀಳದಿದ್ದರೆ ಅರ್ಥವೇ ಕೆಡುತ್ತದೆ. 'ಇಲ್ ಜ಼ೊಂ' ಅಂದರೆ ಅವರ ಹತ್ತಿರ ಇದೆ. 'ಇಲ್ ಸೊಂ' ಅಂದರೆ ಅವರು ಇದ್ದಾರೆ. ವ್ಯತ್ಯಾಸ ಜ಼ ಮತ್ತು ಸ, ಅಷ್ಟೇ.

ಉಚ್ಚಾರದ ಬಗ್ಗೆ ನಾಳೆ ಬರೆಯುತ್ತೇನೆ. ಇಲ್ಲಿ ಮಳೆ ಜೋರಾಗಿದೆ, ಕರೆಂಟ್ ಈಗಲೋ ಆಗಲೋ ಅನ್ನುವಂತಿದೆ.

ತುಂಗಾತೀರದ ಹುಡುಗಿ:

ಮೇಡಂ, ಓದುತ್ತಾ ಕಣ್ಣು ತುಂಬಿ ಬಂತು. 'ಇಲ್ ಜ಼ೊಂ', 'ಇಲ್ ಸೊಂ' ಎರಡೂ ಒಂದೇ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಸಂಧಿ ಅಂತ ಯಾರಾದರೂ ಮೊದಲೇ ಹೇಳಿದ್ದರೆ! ನಾಳೆ ಖಂಡಿತ ಬರೆಯಿರಿ. ಮೇಜು ಯಾಕೆ ಹೆಣ್ಣು ಅನ್ನುವುದನ್ನೂ ಹೇಳಿ.

ಮತ್ತೂರಿನ ಹತ್ತಿರದವ:

ಮೇಜಿನ ವಿಷಯ ನಾನು ಹೇಳಬಹುದೇ? ನನಗೆ ಫ್ರೆಂಚ್ ಅಷ್ಟಾಗಿ ಬರುವುದಿಲ್ಲ, ಎ2 ತನಕ ಕಲಿತಿದ್ದೇನೆ. ಆದರೆ ಚಿಕ್ಕಂದಿನಿಂದ ಸಂಸ್ಕೃತ ಕೇಳಿ ಬೆಳೆದವನು.

ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ. ಗಂಡಸು ಬಂದನು, ಹೆಂಗಸು ಬಂದಳು, ಉಳಿದದ್ದೆಲ್ಲ ಬಂತು. ಅದಕ್ಕೇ ನಾವು 'ಮೇಜು ಯಾಕೆ ಹೆಣ್ಣು' ಅಂತ ಕೇಳುತ್ತೇವೆ. ಸಂಸ್ಕೃತದಲ್ಲಿ ಹೆಂಡತಿಗೆ ಮೂರು ಪದ ನೋಡಿ. ಭಾರ್ಯಾ ಸ್ತ್ರೀಲಿಂಗ. ಕಲತ್ರಂ ನಪುಂಸಕ. ದಾರಾಃ ಪುಲ್ಲಿಂಗ, ಅದೂ ಬಹುವಚನ. ಇರುವುದು ಒಬ್ಬಳೇ ಹೆಂಡತಿ. ಲಿಂಗ ಇರುವುದು ಪದಕ್ಕೆ, ವಸ್ತುವಿಗಲ್ಲ. ಇದು ಮನಸ್ಸಿಗೆ ಹೊಕ್ಕ ದಿನ ಫ್ರೆಂಚ್ ನನಗೆ ಹಗುರಾಯಿತು. ಅಲ್ಲೂ 'ಪೆರ್ಸೊನ್' (ವ್ಯಕ್ತಿ) ಅನ್ನುವ ಪದ ಸ್ತ್ರೀಲಿಂಗ. ಗಡ್ಡ ಬಿಟ್ಟ ಗಂಡಸಿನ ಬಗ್ಗೆ ಹೇಳಿದರೂ 'ಯೂನ್ ಪೆರ್ಸೊನ್' ಅನ್ನಬೇಕು.

ಹಾಗಂತ ಪೂರ್ತಿ ಕುರುಡು ದಾರಿಯಲ್ಲ. ಪದದ ಬಾಲ ನೋಡಿ. '-ಸ್ಯೊಂ' ಅಂತ ಮುಗಿಯುವ, ಇಂಗ್ಲಿಷಿನಲ್ಲಿ '-ಶನ್' ಆಗುವ ಪದಗಳು ಸ್ತ್ರೀಲಿಂಗ. ಗುಣ ಹೇಳುವ '-ತೆ' ಪದಗಳೂ ಹಾಗೆಯೇ. ಫ್ರಾನ್ಸಿನ ಘೋಷಣೆ ನೆನಪಿಟ್ಟರೆ ಸಾಕು: ಲಿಬೆರ್ತೆ, ಎಗಾಲಿತೆ, ಫ್ರಾತೆರ್ನಿತೆ. ಮೂರೂ ಸ್ತ್ರೀಲಿಂಗ. '-ಮಾಂ' ಮತ್ತು '-ಆಜ್' ಅಂತ ಮುಗಿದರೆ ಹೆಚ್ಚಾಗಿ ಪುಲ್ಲಿಂಗ. 'ಪ್ಲಾಜ್' (ಕಡಲತೀರ), 'ಇಮಾಜ್' (ಚಿತ್ರ), 'ಪಾಜ್' (ಪುಟ) ಇಂಥ ಕೆಲವು ಮಾತ್ರ ದಾರಿ ಬಿಟ್ಟವು.

ಮನೆಯಲ್ಲಿ ಕೊಂಕಣಿ, ಉರ್ದು ಅಥವಾ ಹಿಂದಿ ಮಾತಾಡುವವರಿಗೆ ಈ ಕಷ್ಟ ಅರ್ಧಕ್ಕರ್ಧ ಕಡಿಮೆ. ವಸ್ತುಗಳಿಗೆ ಗಂಡು ಹೆಣ್ಣು ಅನ್ನುವುದು ಅವರಿಗೆ ಅಭ್ಯಾಸ ಆಗಿರುತ್ತದೆ.

ಸಾಗರದ ಮೇಡಂ:

ದಾರಾಃ ಉದಾಹರಣೆ ಎಷ್ಟು ಚೆನ್ನಾಗಿದೆ! ನನ್ನ ಮಕ್ಕಳಿಗೂ ಹೇಳುತ್ತೇನೆ. ಒಂದು ಮಾತು ಸೇರಿಸುತ್ತೇನೆ. ಪದವನ್ನು 'ಲ' (ಗಂಡು), 'ಲಾ' (ಹೆಣ್ಣು) ಜೊತೆ ಕಲಿಯಬೇಡಿ. ಮುಂದೆ ಸ್ವರ ಬಂದರೆ ಎರಡೂ 'ಲ್' ಆಗಿ ಲಿಂಗ ಮುಚ್ಚಿಹೋಗುತ್ತದೆ. 'ಅಂ', 'ಯೂನ್' ಜೊತೆ ಕಲಿಯಿರಿ. ಸಾಧ್ಯವಾದರೆ ಒಂದು ವಿಶೇಷಣವನ್ನೂ ಸೇರಿಸಿ. 'ಅಂ ಪ್ತಿ ಲಿವ್ರ್' ಒಂದು ಚಿಕ್ಕ ಪುಸ್ತಕ. 'ಯೂನ್ ಪ್ತಿತ್ ತಾಬ್ಲ್' ಒಂದು ಚಿಕ್ಕ ಮೇಜು. ಪ್ತಿ, ಪ್ತಿತ್. ಆ ಕೊನೆಯ 'ತ್' ಕಿವಿಯಲ್ಲಿ ಉಳಿದರೆ ಲಿಂಗ ತಾನಾಗಿ ಉಳಿಯುತ್ತದೆ.

ಈಗ ಉಚ್ಚಾರ. ಇಂಗ್ಲಿಷಿಗಿಂತ ಫ್ರೆಂಚ್ ಓದುವುದು ಸುಲಭ ಅಂದರೆ ನಂಬುತ್ತೀಯಾ? ಇಂಗ್ಲಿಷಿನಲ್ಲಿ 'ಪುಟ್' ಮತ್ತು 'ಬಟ್' ಒಂದೇ ಸ್ವರದ ಅಕ್ಷರ, ಉಚ್ಚಾರ ಬೇರೆ. ಫ್ರೆಂಚಿನಲ್ಲಿ ಅಕ್ಷರದ ಗುಂಪು ಕಂಡರೆ ಉಚ್ಚಾರ ಬಹುಪಾಲು ಖಚಿತ. ಇ-ಎ-ಯು ಮೂರೂ ಒಟ್ಟಿಗೆ ಬಂದರೆ 'ಓ'. ಓ-ಯು ಬಂದರೆ 'ಉ'. ಓ-ಐ ಬಂದರೆ 'ವಾ'. ಇಂಥ ಗುಂಪು ಇಪ್ಪತ್ತು ಇಪ್ಪತ್ತೈದು ಇವೆ. ಒಂದು ವಾರ ಹಾಕು, ಮುಗಿಯುತ್ತದೆ. ಪದದ ಕೊನೆಯ ವ್ಯಂಜನ ಸಾಮಾನ್ಯವಾಗಿ ಮೌನ. ಹೇಳುವುದು ಹೆಚ್ಚಾಗಿ ನಾಲ್ಕೇ: ಸಿ, ಆರ್, ಎಫ್, ಎಲ್. ಇಂಗ್ಲಿಷಿನ 'ಕೇರ್‌ಫುಲ್' ಪದದಲ್ಲಿ ಈ ನಾಲ್ಕೂ ಇವೆ, ಹಾಗೆ ನೆನಪಿಡು. ಅದರಲ್ಲೂ ಇ-ಆರ್ ಅಂತ ಮುಗಿಯುವ ಕ್ರಿಯಾಪದದಲ್ಲಿ ಆರ್ ಹೇಳುವುದಿಲ್ಲ.

ಪುಸ್ತಕದ ಮೇಲೆ ಬರೆದ ಕನ್ನಡವನ್ನು ಮಾತ್ರ ಅಳಿಸಿಬಿಡು ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಲಿಪಿಯಲ್ಲಿ ಇಲ್ಲದ ಸ್ವರ ಅಲ್ಲಿವೆ. 'ದಸ್ಯು' ಅಂದರೆ ಮೇಲೆ, 'ದಸು' ಅಂದರೆ ಕೆಳಗೆ. ಮೊದಲನೆಯದರ ಸ್ವರ ನಿಜವಾಗಿ 'ಯು' ಅಲ್ಲ. ನಾಲಿಗೆ 'ಈ' ಹೇಳುವ ಜಾಗದಲ್ಲಿರಬೇಕು, ತುಟಿ ಸೀಟಿ ಊದುವ ಹಾಗೆ ಮುಂದೆ ಬರಬೇಕು. ಕನ್ನಡದಲ್ಲಿ ಬರೆದುಕೊಂಡರೆ ಎರಡೂ ಹತ್ತಿರ ಹತ್ತಿರ ಆಗಿ, ಮೇಲಿನದು ಕೆಳಗೆ ಬಂದುಬಿಡುತ್ತದೆ.

ಭದ್ರಾವತಿ ಮೇಷ್ಟ್ರು:

ಮೇಡಂ, ಈ ಒಂದು ಮಾತಿಗೆ ಒಪ್ಪುವುದಿಲ್ಲ. ನಾನು ಫ್ರೆಂಚ್ ಕಲಿಸುವವನಲ್ಲ, ಹೈಸ್ಕೂಲಿನ ಕನ್ನಡ ಮೇಷ್ಟ್ರು. ನಿವೃತ್ತಿಯ ನಂತರ ಸ್ವಂತ ಆಸಕ್ತಿಯಿಂದ ಕಲಿಯುತ್ತಿದ್ದೇನೆ. ಕನ್ನಡದಲ್ಲಿ ಬರೆದುಕೊಳ್ಳುವುದನ್ನು ಪೂರ್ತಿ ಬಿಟ್ಟರೆ ಆ ಹುಡುಗಿ ಏನು ಮಾಡುತ್ತಾಳೆ? ಅಕ್ಷರ ನೋಡಿ ಇಂಗ್ಲಿಷಿನ ಹಾಗೆ ಓದುತ್ತಾಳೆ. ಅದು ಇನ್ನೂ ಕೆಟ್ಟದ್ದು. ನಮ್ಮಲ್ಲಿ ತ, ದ ಇವೆ. ಫ್ರೆಂಚಿನವರು ಹಲ್ಲಿಗೆ ನಾಲಿಗೆ ತಾಗಿಸಿಯೇ ಹೇಳುತ್ತಾರೆ, ಇಂಗ್ಲಿಷಿನವರ ಹಾಗೆ ಟ, ಡ ಅಲ್ಲ. ಎ, ಒ ಎಲ್ಲ ನಮ್ಮಲ್ಲಿ ಶುದ್ಧವಾಗಿವೆ. ಹಾಗಿರುವಾಗ ನಮ್ಮ ಲಿಪಿ ಯಾಕೆ ಬಿಡಬೇಕು?

ನಾನು ಮಾಡುವುದು ಹೀಗೆ. ಇಲ್ಲದ ಸ್ವರಕ್ಕೆ ಮಾತ್ರ ನನ್ನದೇ ಗುರುತು ಇಟ್ಟುಕೊಂಡಿದ್ದೇನೆ. ಆ ಸೀಟಿಯ ಸ್ವರಕ್ಕೆ 'ಉ' ಬರೆದು ಸುತ್ತ ಒಂದು ವೃತ್ತ. ಮೂಗಿನ ಸ್ವರಕ್ಕೆ ಕೆಂಪು ಸೊನ್ನೆ. ನಮ್ಮ ಅನುಸ್ವಾರ ನಿಜವಾಗಿ ಅನುನಾಸಿಕ ವ್ಯಂಜನ. 'ಅಂಗಡಿ' ಅಂದಾಗ ನಾಲಿಗೆಯ ಹಿಂಭಾಗ ಮೇಲೆ ತಾಗುತ್ತದೆ, 'ಅಂದ' ಅಂದಾಗ ತುದಿ ಹಲ್ಲಿಗೆ ತಾಗುತ್ತದೆ. ಫ್ರೆಂಚಿನಲ್ಲಿ ನಾಲಿಗೆ ಎಲ್ಲಿಯೂ ತಾಗಬಾರದು. ಕೆಂಪು ಸೊನ್ನೆ ಕಂಡರೆ ನಾಲಿಗೆ ಕೆಳಗೆ ಅಂತ ನನಗೆ ನೆನಪಾಗುತ್ತದೆ. ಕೊಂಕಣಿಯವರು 'ಹಾಂವ' ಅನ್ನುವಾಗ ಗಮನಿಸಿ, ಅದೇ ಬಗೆಯ ಧ್ವನಿ.

ಅಭ್ಯಾಸಕ್ಕೆ ಹೇಳುವ ಒಂದು ಪುಟ್ಟ ಮಾತಿದೆ: 'ಅಂ ಬೊಂ ವೆಂ ಬ್ಲಾಂ'. ಒಂದು ಒಳ್ಳೆ ಬಿಳಿ ದ್ರಾಕ್ಷಾರಸ ಅಂತ ಅರ್ಥ. ನಾಲ್ಕು ಮೂಗಿನ ಸ್ವರಗಳೂ ಅದರಲ್ಲಿವೆ. ಬೆಳಿಗ್ಗೆ ಹೂ ಕೊಯ್ಯುವಾಗ ನಾನು ಹೇಳಿಕೊಳ್ಳುವುದು ಅದನ್ನೇ.

ಸಾಗರದ ಮೇಡಂ:

ಮೇಷ್ಟ್ರೇ, ತ ಮತ್ತು ದ ವಿಷಯ ನೂರಕ್ಕೆ ನೂರು ಸರಿ. ಕೆಂಪು ಸೊನ್ನೆಯ ಉಪಾಯವೂ ಒಪ್ಪಿದೆ. ಆದರೂ ಪುಸ್ತಕದ ಮೇಲೆ ಬರೆಯುವುದು ಬೇಡ ಅಂತಲೇ ಹೇಳುತ್ತೇನೆ. ಕಣ್ಣು ಯಾವಾಗಲೂ ಗೊತ್ತಿರುವ ಲಿಪಿಗೆ ಓಡುತ್ತದೆ, ಕೆಳಗಿನ ಫ್ರೆಂಚ್ ಬರಹ ಕಾಣುವುದೇ ಇಲ್ಲ. ಬೇರೆ ನೋಟ್‌ಬುಕ್ಕಿನಲ್ಲಿ ಬರೆಯಲಿ. ಮೊದಲು ಕೇಳಲಿ, ಆಮೇಲೆ ಬರೆಯಲಿ. ನೋಡಿ ಬರೆಯುವುದು ಮಾತ್ರ ಬೇಡ.

ಗಂಟಲಿನ 'ರ' ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಡಿ. ಉರ್ದು ಬಲ್ಲವರು 'ಗ಼ಾಲಿಬ್' ಅನ್ನುವಾಗ ಬರುವ ಧ್ವನಿಗೆ ಅದು ಹತ್ತಿರ. ಬಂದರೆ ಒಳ್ಳೆಯದು. ಬರದಿದ್ದರೆ ನಮ್ಮ 'ರ' ಹೇಳಿದರೂ ಅರ್ಥವಾಗುತ್ತದೆ.

ವಿನೋಬನಗರದ ನೈಟ್ ಶಿಫ್ಟ್:

ನಾನು ಬೆಂಗಳೂರಿನಲ್ಲಿ ಫ್ರೆಂಚ್ ಗ್ರಾಹಕರ ಕರೆ ತೆಗೆದುಕೊಳ್ಳುವ ಕೆಲಸ ಮಾಡುತ್ತಿದ್ದೆ, ಈಗ ಶಿವಮೊಗ್ಗದ ಮನೆಯಿಂದಲೇ ಮಾಡುತ್ತೇನೆ. ನಾನೂ ಕನ್ನಡ ಮಾಧ್ಯಮ. ತಂಗಿ, ಕೇಳುವ ಭಾಗದಲ್ಲಿ ಅಂಕ ತರಲು ಮೊದಲು ಸಂಖ್ಯೆ ಹಿಡಿ. ಬೆಲೆ, ಗಂಟೆ, ಫೋನ್ ನಂಬರ್, ಪ್ಲಾಟ್‌ಫಾರ್ಮ್ ನಂಬರ್, ಇವು ಆ ಪರೀಕ್ಷೆಯಲ್ಲಿ ಬರುತ್ತಲೇ ಇರುತ್ತವೆ.

69ರ ತನಕ ಸಲೀಸು. 70 ಅಂದರೆ ಸ್ವಾಸಾಂತ್ ದಿಸ್, ಅಂದರೆ ಅರವತ್ತು ಹತ್ತು. 80 ಅಂದರೆ ಕಾತ್ರ್ ವೆಂ, ನಾಲ್ಕು ಇಪ್ಪತ್ತು. 99 ಅಂದರೆ ಕಾತ್ರ್ ವೆಂ ದಿಜ಼್ ನಫ್, ನಾಲ್ಕು ಇಪ್ಪತ್ತು ಹತ್ತೊಂಬತ್ತು. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನವರು 70ಕ್ಕೆ ಸೆಪ್ತಾಂತ್, 90ಕ್ಕೆ ನೊನಾಂತ್ ಅಂತಾರೆ. ಪರೀಕ್ಷೆಗೆ ಫ್ರಾನ್ಸಿನದ್ದೇ ಕಲಿ.

ಫ್ರಾನ್ಸಿನ ಫೋನ್ ನಂಬರಿಗೆ ಹತ್ತು ಅಂಕಿ. ಅವರು ಎರಡೆರಡಾಗಿ ಜೋಡಿ ಮಾಡಿ ಹೇಳುತ್ತಾರೆ, ಒಟ್ಟು ಐದು ಜೋಡಿ. ಇಲ್ಲೇ ನಾವು ಬೀಳುವುದು. 'ಸ್ವಾಸಾಂತ್' ಕೇಳಿದ ತಕ್ಷಣ 60 ಬರೆದುಬಿಡುತ್ತೇವೆ. ಹಿಂದೆಯೇ 'ದೂಜ಼್' ಬರುತ್ತದೆ. ಆಗ ಅದು 72, 60 ಅಲ್ಲ. ಅಷ್ಟರಲ್ಲಿ ಮುಂದಿನ ಜೋಡಿ ಬಂದಿರುತ್ತದೆ, ಪೂರ್ತಿ ನಂಬರ್ ಹೋಯಿತು. ಸ್ವಾಸಾಂತ್ ಅಥವಾ ಕಾತ್ರ್ ವೆಂ ಕೇಳಿದರೆ ಪೆನ್ನು ಎತ್ತಿ ಹಿಡಿದು ಒಂದು ಕ್ಷಣ ಕಾಯಬೇಕು.

ನಾನು ಅಭ್ಯಾಸ ಮಾಡಿದ್ದು ರಸ್ತೆಯಲ್ಲಿ. ಕೆಎ-14 ಗಾಡಿ ಎದುರಾದರೆ ಕೊನೆಯ ನಾಲ್ಕು ಅಂಕಿಯನ್ನು ಎರಡು ಜೋಡಿ ಮಾಡಿ ಫ್ರೆಂಚಿನಲ್ಲಿ ಹೇಳುತ್ತಿದ್ದೆ. ಮನೆಯಲ್ಲಿ ಅಪ್ಪ ಪೇಪರಿನಲ್ಲಿ ಅಡಿಕೆ ಧಾರಣೆ ಓದುತ್ತಿದ್ದರು, ರಾಶಿ ಇಷ್ಟು, ಬೆಟ್ಟೆ ಇಷ್ಟು, ಸರಕು ಇಷ್ಟು, ಗೊರಬಲು ಇಷ್ಟು ಅಂತ. ಎಲ್ಲಾ ಐದಂಕಿ. ಅಪ್ಪ ಕನ್ನಡದಲ್ಲಿ ಓದಿದ್ದನ್ನು ನಾನು ಫ್ರೆಂಚಿನಲ್ಲಿ ಹೇಳುತ್ತಿದ್ದೆ. ಎರಡು ತಿಂಗಳಲ್ಲಿ ಸಂಖ್ಯೆಯ ಭಯ ಹೋಯಿತು. ಅಪ್ಪ ಈಗಿಲ್ಲ. ಈಗಲೂ 'ಕಾತ್ರ್ ವೆಂ' ಅಂತ ಗ್ರಾಹಕರು ಹೇಳಿದಾಗ ಅವರ ಧಾರಣೆ ಓದುವ ದನಿ ನೆನಪಾಗುತ್ತದೆ.

ಬಸ್ಸಿನ ಸಮಯ ವ್ಯರ್ಥ ಮಾಡಬೇಡ. ಟಿವಿ5 ಮೋಂದ್ ಅನ್ನುವ ಫ್ರೆಂಚ್ ಚಾನೆಲ್‌ನವರ ಫ್ರೆಂಚ್ ಕಲಿಯುವ ತಾಣದಲ್ಲಿ ಎ1 ಹಂತದ ಅಭ್ಯಾಸ ಉಚಿತವಾಗಿ ಸಿಗುತ್ತವೆ. ಆದರೆ ದಾರಿಯ ಕಾಡಿನಲ್ಲಿ ನೆಟ್‌ವರ್ಕ್ ನಂಬಬೇಡ. ನಿನ್ನ ಪಠ್ಯದ ಆಡಿಯೋವನ್ನು ಮನೆಯಲ್ಲೇ ಫೋನಿಗೆ ಇಳಿಸಿಕೋ. ಅರ್ಧ ನಿಮಿಷದ ತುಣುಕು ಸಾಕು. ಮೊದಲ ಸಲ ಸುಮ್ನೆ ಕೇಳು. ಎರಡನೇ ಸಲ ಕೇಳಿದ್ದಷ್ಟನ್ನು ಬರೆ. ಆಮೇಲೆ ಪುಸ್ತಕದ ಹಿಂದೆ ಕೊಟ್ಟಿರುವ ಬರಹ ತೆಗೆದು ಎಲ್ಲಿ ತಪ್ಪಿತು ನೋಡು. ತಪ್ಪಿದ ಜಾಗವನ್ನು ಮಾತ್ರ ಮತ್ತೆ ಮತ್ತೆ ಕೇಳು. ಬೇರೆ ಬೇರೆ ಹತ್ತು ತುಣುಕು ಕೇಳುವುದಕ್ಕಿಂತ ಒಂದನ್ನೇ ಹತ್ತು ಸಲ ಕೇಳುವುದು ಮೇಲು. ಪರೀಕ್ಷೆಯಲ್ಲಿ ಎರಡು ಸಲ ಕೇಳಿಸುತ್ತಾರೆ. ಮೊದಲು ಪ್ರಶ್ನೆ ಓದಲು ಸಮಯ ಕೊಡುತ್ತಾರೆ, ಆಗ ಪ್ರಶ್ನೆಯನ್ನೇ ಓದು, ಬೇರೇನೂ ಮಾಡಬೇಡ.

ಹೊಸನಗರದ ಅಮ್ಮ:

ನನ್ನ ಮಗಳು ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದು ಪಿಯು ಓದುತ್ತಿದ್ದಾಳೆ, ಎರಡನೇ ಭಾಷೆ ಫ್ರೆಂಚ್. ರಜೆಗೆ ಬಂದಾಗ ಅವಳಿಗೆ ಸಹಾಯ ಮಾಡಬೇಕು ಅನ್ನಿಸುತ್ತದೆ. ನನಗೆ ಒಂದಕ್ಷರ ಬರುವುದಿಲ್ಲ. ಏನಾದರೂ ಮಾಡಬಹುದಾ?

ಭದ್ರಾವತಿ ಮೇಷ್ಟ್ರು:

ಖಂಡಿತ ಮಾಡಬಹುದು ತಾಯಿ. ಭಾಷೆ ಬರದಿದ್ದರೂ ಚೀಟಿ ಹಿಡಿಯಬಹುದು. ಹಳೆಯ ಮದುವೆ ಕರೆಯೋಲೆಗಳನ್ನು ಇಸ್ಪೀಟ್ ಎಲೆಯ ಅಳತೆಗೆ ಕತ್ತರಿಸಿ. ಖಾಲಿ ಬದಿಯಲ್ಲಿ ಮಗಳು ಫ್ರೆಂಚ್ ಬರೆಯಲಿ, ಅಂಚಿನಲ್ಲಿ ಕನ್ನಡ. ನೀವು ಕನ್ನಡ ಓದಿ, ಅವಳು ಫ್ರೆಂಚ್ ಹೇಳಲಿ. ಹೇಳಿದ್ದು ಸರಿಯೋ ಅಂತ ಅವಳೇ ನೋಡಿಕೊಳ್ಳಲಿ.

ನಾಲ್ಕು ಡಬ್ಬ ಇಡಿ. ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಕ್ಕೆ. ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೆ. ಈ ಡಬ್ಬದ ಕ್ರಮವನ್ನು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು ಪ್ರಚಾರಕ್ಕೆ ತಂದರು. ಅದಕ್ಕೂ ಎಷ್ಟೋ ಮೊದಲು, 1885ರಲ್ಲೇ, ಜರ್ಮನಿಯ ಎಬಿಂಗ್‌ಹೌಸ್ ತಾವೇ ಅರ್ಥವಿಲ್ಲದ ಪದಗಳನ್ನು ಬಾಯಿಪಾಠ ಮಾಡಿ, ಮರೆವು ಹೇಗೆ ನಡೆಯುತ್ತದೆ ಅಂತ ಅಳೆದು ಬರೆದಿದ್ದರು. ಕಲಿತ ಮೊದಲ ದಿನವೇ ಹೆಚ್ಚು ಮರೆಯುತ್ತದೆ, ಬಿಟ್ಟು ಬಿಟ್ಟು ಓದಿದರೆ ಉಳಿಯುತ್ತದೆ. ಅಡಿಕೆಯನ್ನು ಒಂದೇ ದಿನ ಬಿಸಿಲಿಗೆ ಹಾಕಿ ಎತ್ತಿಡುವುದಿಲ್ಲ ಅಲ್ವಾ? ದಿನಾ ಹರಡಬೇಕು, ಕೈಯಾಡಿಸಬೇಕು. ಹಾಗೇ ಇದು. ಒಂದು ರಾತ್ರಿ ಕೋಷ್ಟಕ ಹತ್ತು ಸಲ ಬರೆದದ್ದು ಬೆಳಿಗ್ಗೆ ಹೋಗಿದ್ದಕ್ಕೆ ಕಾರಣ ಅದೇ. ಹುಡುಗಿಯ ತಲೆಯ ತಪ್ಪಲ್ಲ.

ಕೊಪ್ಪದ ಹೋಟೆಲ್ ಹುಡುಗ:

ಎಲ್ಲರದ್ದೂ ಓದುತ್ತಿದ್ದೇನೆ, ನನಗೇ ಹೇಳಿದ ಹಾಗಿದೆ. ಒಂದು ಎಚ್ಚರಿಕೆ ನಾನೂ ಕೊಡುತ್ತೇನೆ. ಇಂಗ್ಲಿಷಿನ ಹಾಗೆ ಕಾಣುವ ಪದವನ್ನು ನಂಬಬೇಡಿ. 'ಲಿಬ್ರೆರಿ' ಅಂದರೆ ಪುಸ್ತಕದ ಅಂಗಡಿ, ಗ್ರಂಥಾಲಯ ಅಲ್ಲ. ಇಂಗ್ಲಿಷಿನ ನೋವಿನ ಅಕ್ಷರಗಳಲ್ಲೇ ಬರೆಯುವ 'ಪೆಂ' ಅಂದರೆ ಬ್ರೆಡ್ಡು. 'ಆಂತ್ರೆ' ಅಂದರೆ ಫ್ರಾನ್ಸಿನಲ್ಲಿ ಊಟದ ಮೊದಲು ಬರುವ ತಿನಿಸು, ಅಮೆರಿಕದಲ್ಲಿ ಅದೇ ಪದಕ್ಕೆ ಮುಖ್ಯ ಊಟ ಅಂತ ಅರ್ಥ.

ಮೇಡಂ, ನನ್ನ ಪ್ರಶ್ನೆ. ಭೂತಕಾಲದಲ್ಲಿ ಕೆಲವಕ್ಕೆ 'ಆವ್ವಾರ್', ಕೆಲವಕ್ಕೆ 'ಎತ್ರ್'. ಹೇಗೆ ನೆನಪಿಡಲಿ?

ಸಾಗರದ ಮೇಡಂ:

ತಮ್ಮಾ, ಫ್ರೆಂಚ್ ಮೇಷ್ಟ್ರುಗಳು ಇದಕ್ಕೆ ಒಂದು ಮನೆಯ ಚಿತ್ರ ಬರೆಯುತ್ತಾರೆ. ನೀನು ನಿನ್ನ ಅಜ್ಜನ ಮನೆಯನ್ನೇ ಬರೆ. ದಣಪೆ ಹತ್ತಿರ ಒಬ್ಬ ಬರುತ್ತಾನೆ, ತಲುಪುತ್ತಾನೆ. ಜಗಲಿ ದಾಟಿ ಒಳಗೆ ಹೋಗುತ್ತಾನೆ. ಅಟ್ಟ ಹತ್ತುತ್ತಾನೆ, ಇಳಿಯುತ್ತಾನೆ, ಏಣಿಯಿಂದ ಬೀಳುತ್ತಾನೆ. ನಾಲ್ಕು ದಿನ ಉಳಿಯುತ್ತಾನೆ. ಹೊರಗೆ ಬರುತ್ತಾನೆ, ಹೊರಟು ಹೋಗುತ್ತಾನೆ. ಬಾಣಂತಿ ಕೋಣೆಯಲ್ಲಿ ಮಗು ಹುಟ್ಟುತ್ತದೆ. ನಡುಮನೆಯಲ್ಲಿ ಅಜ್ಜ ತೀರಿಕೊಳ್ಳುತ್ತಾರೆ. ಈ ಕ್ರಿಯೆಗಳೆಲ್ಲ 'ಎತ್ರ್' ಜೊತೆ. ತಿಂದ, ನೋಡಿದ, ಕೊಂಡ, ಓದಿದ, ಇಂಥವು 'ಆವ್ವಾರ್' ಜೊತೆ. 'ಎತ್ರ್' ಬಂದಾಗ ಹೆಂಗಸಾದರೆ ಕೊನೆಗೆ ಒಂದು ಇ ಹೆಚ್ಚು ಬರೆಯಬೇಕು. ಬಂದನು, ಬಂದಳು ಅಂತ ನಾವು ಬದಲಿಸುವ ಹಾಗೆ. ಹೇಳುವಾಗ ಹೆಚ್ಚಾಗಿ ವ್ಯತ್ಯಾಸ ಕೇಳುವುದಿಲ್ಲ.

ನಿನಗೆ ವಾಕ್ಯ ಬರಬೇಕಾದರೆ ಅಡುಗೆಯಿಂದಲೇ ಶುರು ಮಾಡು. ನೀರ್ ದೋಸೆ ಮಾಡುವ ಬಗೆಯನ್ನು ಫ್ರೆಂಚಿನಲ್ಲಿ ಬರೆ. ಅಕ್ಕಿ 'ದ್ಯು ರಿ', ಉಪ್ಪು 'ದ್ಯು ಸೆಲ್', ನೀರು 'ದ ಲೋ'. ಈ 'ದ್ಯು', 'ದ ಲಾ' ಯಾಕೆ ಬೇಕು ಅಂತ ನಿನಗೆ ಅನ್ನಿಸಬಹುದು, ಎಣಿಸಲಾಗದ್ದನ್ನು ಒಂದಿಷ್ಟು ತೆಗೆದುಕೊಳ್ಳುವಾಗ ಅದು ಬರುತ್ತದೆ. ಕತ್ತರಿಸಿ, ಸೇರಿಸಿ, ಕಲಸಿ: ಕೂಪೆ, ಆಜೂತೆ, ಮೆಲಾಂಜೆ. 'ವು' ರೂಪ ತಾನಾಗಿ ಬಾಯಿಗೆ ಬರುತ್ತದೆ.

ತುಂಗಾತೀರದ ಹುಡುಗಿ:

ಆರು ವಾರದ ನಂತರ ಬರೆಯುತ್ತಿದ್ದೇನೆ. ಪುಸ್ತಕದ ಮೇಲಿನ ಕನ್ನಡ ಅಳಿಸಿದೆ. ಬೇರೆ ನೋಟ್‌ಬುಕ್ಕಿನಲ್ಲಿ ಮೇಷ್ಟ್ರು ಹೇಳಿದ ಕೆಂಪು ಸೊನ್ನೆ ಹಾಕುತ್ತೇನೆ. ಬಸ್ಸಿನಲ್ಲಿ ಹೋಗುವಾಗ ಒಂದು ತುಣುಕು, ಬರುವಾಗ ಅದೇ ತುಣುಕು. ಚೀಟಿ ಕೇಳುವುದು ನಮ್ಮಮ್ಮ. ದೋಸೆ ಹೊಯ್ಯುತ್ತಾ ಕೇಳುತ್ತಾರೆ. ಈಗ ಅವರಿಗೂ ಮೂವತ್ತು ಪದ ಬರುತ್ತದೆ.

ಮೊನ್ನೆ ಮಾದರಿ ಪರೀಕ್ಷೆಯಲ್ಲಿ 61 ಬಂತು. ಕೇಳುವ ಭಾಗದಲ್ಲಿ 12. ಕ್ಲಾಸಿನಲ್ಲಿ ಎರಡು ಸಲ ಮೈಕ್ ಆನ್ ಮಾಡಿದೆ. ಒಂದು ಸಲ ತಪ್ಪು ಹೇಳಿದೆ, ಯಾರೂ ಏನೂ ಅನ್ನಲಿಲ್ಲ.

ಮಾತಿನ ಭಾಗ ಇನ್ನೂ ಕಷ್ಟ. ಚೀಟಿಯಲ್ಲಿ ಒಂದು ಪದ ಕೊಡುತ್ತಾರೆ, ಅದನ್ನಿಟ್ಟು ನಾನೇ ಪರೀಕ್ಷಕರಿಗೆ ಪ್ರಶ್ನೆ ಕೇಳಬೇಕು. ಉತ್ತರ ಹೇಳಲು ಬರುತ್ತದೆ, ಪ್ರಶ್ನೆ ಕಟ್ಟಲು ಬರುವುದಿಲ್ಲ.

ಸಾಗರದ ಮೇಡಂ:

12! ತುಂಬಾ ಖುಷಿಯಾಯಿತು ತಂಗಿ.

ಪ್ರಶ್ನೆಗೂ ಕನ್ನಡವೇ ದಾರಿ. ನಾವು 'ಬರ್ತೀರಿ' ಅನ್ನುವುದಕ್ಕೆ ಕೊನೆಯಲ್ಲಿ ಒಂದು 'ಆ' ಸೇರಿಸುತ್ತೇವೆ: ಬರ್ತೀರಾ? ಅವರು ಆ ಕೆಲಸಕ್ಕೆ ವಾಕ್ಯದ ಶುರುವಿನಲ್ಲಿ 'ಎಸ್ ಕ' ಸೇರಿಸುತ್ತಾರೆ. ವಾಕ್ಯದ ಉಳಿದ ಭಾಗ ಕದಲುವುದೇ ಇಲ್ಲ. 'ವು ಜ಼ೆಮೆ ಲ ಸಿನೆಮಾ' ನಿಮಗೆ ಸಿನಿಮಾ ಇಷ್ಟ. 'ಎಸ್ ಕ ವು ಜ಼ೆಮೆ ಲ ಸಿನೆಮಾ?' ನಿಮಗೆ ಸಿನಿಮಾ ಇಷ್ಟಾನಾ? ಪರೀಕ್ಷಕರಿಗೆ 'ವು' ಅಂತಲೇ ಕೇಳು. ಯಾವಾಗ, ಎಲ್ಲಿ, ಯಾಕೆ ಬೇಕಾದರೆ ಆ ಪದವನ್ನು 'ಎಸ್ ಕ'ಗಿಂತ ಮೊದಲು ಇಡು: ಕಾಂ, ಊ, ಪುರ್ಕ್ವಾ. ಚೀಟಿಯಲ್ಲಿ 'ಹಾಡು' ಅಂತ ಇದ್ದರೆ ಹಾಡಿನ ಬಗ್ಗೆ ಏನು ಬೇಕಾದರೂ ಕೇಳಬಹುದು, ದೊಡ್ಡ ಪ್ರಶ್ನೆ ಬೇಕಿಲ್ಲ. ಮಾತಾಡುವ ಮೊದಲು ತಯಾರಿಗೆ ಹತ್ತು ನಿಮಿಷ ಸಿಗುತ್ತದೆ, ಆದರೆ ಈ ಚೀಟಿ ಕೈಗೆ ಬರುವಾಗ ಹೆದರದೆ ಇರಬೇಕಾದರೆ ಈಗಲೇ ಐವತ್ತು ಪ್ರಶ್ನೆ ಬಾಯಲ್ಲಿ ಆಡಿರಬೇಕು. ಯಾರನ್ನಾದರೂ ಎದುರು ಕೂರಿಸಿಕೊಂಡು ಕೇಳು.

ತುಂಗಾತೀರದ ಹುಡುಗಿ:

ಅಮ್ಮನನ್ನೇ ಕೂರಿಸಿಕೊಂಡೆ ಮೇಡಂ. ಅಮ್ಮ ಚೀಟಿ ಎತ್ತಿದರು, 'ಮೆಜ಼ೊಂ', ಮನೆ ಅಂತ ಇತ್ತು. ನಾನು 'ಊ ಎಸ್ ಕ ವು ಜ಼ಾಬಿತೆ?' ಅಂತ ಕೇಳಿದೆ, ನೀವು ಎಲ್ಲಿ ವಾಸ ಮಾಡುತ್ತೀರಿ ಅಂತ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, ತೀರ್ಥಹಳ್ಳಿಯಲ್ಲಿ ಅನ್ನುವುದನ್ನು ಫ್ರೆಂಚಿನಲ್ಲೇ, 'ಆ ತೀರ್ಥಹಳ್ಳಿ' ಅಂದರು.